ಬೆನ್ನಿನ ಇಂಜೆಕ್ಷನ್ ಮತ್ತು ರೋಗಿಯ ನೆಮ್ಮದಿ: ಮಾಟುಂಗಾದ ಒಂದು ನೋವು ಚಿಕಿತ್ಸಾ ಕೇಂದ್ರ

ಸೊಂಟದಿಂದ ಎಡಗಾಲಿಗೆ ಇಳಿಯುತ್ತಿದ್ದ ಸಯಾಟಿಕಾ ನೋವು ಮಾತ್ರೆ, ಫಿಸಿಯೋಥೆರಪಿ ಯಾವುದಕ್ಕೂ ಬಗ್ಗದಿದ್ದಾಗ, ಅಮ್ಮನಿಗೆ ಮುಂಬೈಯ ಮಾಟುಂಗಾದ ಒಂದು ಸಣ್ಣ ಕೇಂದ್ರದಲ್ಲಿ ಎಪಿಡ್ಯೂರಲ್ (ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಬಿಡುವ) ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದೆವು. ಸಿ-ಆರ್ಮ್ ಎಕ್ಸ್-ರೇ ಯಂತ್ರದ ಪರದೆ ನೋಡುತ್ತಾ ಸೂಜಿಯನ್ನು ಒಯ್ದು, ಎಕ್ಸ್-ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟು ಜಾಗ ಖಚಿತಪಡಿಸಿಕೊಂಡ ಮೇಲಷ್ಟೇ ಔಷಧಿ ಬಿಡುವ ಈ ವಿಧಾನದಲ್ಲಿ, ವಯಸ್ಸಾದವರನ್ನು ಸೂಜಿಗಿಂತ ಹೆಚ್ಚು ದಣಿಸುವುದು ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಕಾಣದೆ, ಅಲುಗಾಡದೆ, ಬೋರಲಾಗಿ ಮಲಗಿರಬೇಕಾದ ಹೊತ್ತು. ಇದನ್ನು ಅರಿತು ನಡೆದುಕೊಳ್ಳುವ ವೈದ್ಯರು ಇಲ್ಲಿದ್ದಾರೆ.

ಹೊಟ್ಟೆಯ ಕೆಳಗೆ ದಿಂಬು ಇಟ್ಟಾಗ, ಸೊಂಟದ ಬಾಗು ತಗ್ಗಿ ಮೂಳೆಗಳ ನಡುವಿನ ಸಂದು ತೆರೆದುಕೊಳ್ಳುತ್ತದೆ ಎಂದು ಕಾರಣವನ್ನೂ ತಿಳಿಸಿದರು. ಅಮ್ಮನ ಕುತ್ತಿಗೆ ಒಂದು ಬದಿಗೆ ಹೊರಳುವುದಿಲ್ಲ ಎಂದಾಗ ನರ್ಸ್ ಟವೆಲ್ ಸುತ್ತಿ ಹಣೆಯ ಕೆಳಗಿಟ್ಟರು. ಅಮ್ಮನಿಗೆ ಹಿಂದಿ, ಮರಾಠಿ ಅಷ್ಟಾಗಿ ಬಾರದ ಕಾರಣ ನನಗೂ ಸೀಸದ ಏಪ್ರನ್ ತೊಡಿಸಿ ತಲೆಯ ಬಳಿ ನಿಲ್ಲಿಸಿಕೊಂಡರು. ಇಂಥ ಅವಕಾಶ ಎಲ್ಲರೂ ಕೊಡುವುದಿಲ್ಲ. ಮರಗಟ್ಟಿಸುವ ಔಷಧಿಯಾದ ಲಿಗ್ನೋಕೇನ್ ಮೊದಲು ಉರಿಯುತ್ತದೆ, ಆಮೇಲೆ ಮರಗಟ್ಟುತ್ತದೆ ಎಂಬುದನ್ನು ಚುಚ್ಚುವ ಮುನ್ನವೇ ಹೇಳಿ, ಸಣ್ಣ ಸೂಜಿಯಲ್ಲಿ ನಿಧಾನವಾಗಿ ಕೊಟ್ಟರು. "ಅಮ್ಮಾ, ಇನ್ನು ಕಾಲಿನವರೆಗೂ ಒತ್ತಿದ ಹಾಗಾಗಬಹುದಂತೆ, ಬಾಯಲ್ಲಿ ಹೇಳಿದರೆ ಸಾಕು, ಅಲ್ಲಾಡಬೇಡಿ" ಎಂದೆ. "ಮೀನಖಂಡ ಬಿಗೀತಾ ಇದೆ" ಎಂದರು ಅಮ್ಮ. ನಾನು ಹಿಂದಿಯಲ್ಲಿ ಹೇಳಿ ಮುಗಿಸುವ ಮೊದಲೇ ವೈದ್ಯರು ಸಿರಿಂಜ್ ಒತ್ತುವುದನ್ನು ನಿಲ್ಲಿಸಿ, ಬಿಗಿತ ಸಡಿಲವಾಯಿತೆಂದು ಅಮ್ಮನಿಂದಲೇ ಕೇಳಿಕೊಂಡು ಮುಂದುವರಿಸಿದರು. ಈ ಒಂದು ಕಾರಣಕ್ಕೇ ನಾನು ಈ ಕೇಂದ್ರವನ್ನು ಬೇರೆಯವರಿಗೆ ಧೈರ್ಯವಾಗಿ ಸೂಚಿಸುತ್ತೇನೆ.

ಕೊರತೆಗಳೂ ಇವೆ. ಎ.ಸಿ. ಕೋಣೆ ವಿಪರೀತ ತಣ್ಣಗಿದ್ದು, ತೆಳು ಗೌನಿನಲ್ಲಿ ಅಮ್ಮ ನಡುಗತೊಡಗಿದರು; ಕೇಳಿದ ಮೇಲಷ್ಟೇ ಕಂಬಳಿ ಬಂತು. ಅಲುಗಾಡಬಾರದ ರೋಗಿಗೆ ಅದನ್ನು ಮೊದಲೇ ಹೊದಿಸಬೇಕಿತ್ತು. ಸ್ಟೀರಾಯ್ಡಿನಿಂದ ಕೆಲವು ದಿನ ರಕ್ತದ ಸಕ್ಕರೆ ಏರಬಹುದು ಎಂಬ ಮಾತನ್ನು, ಅಮ್ಮನಿಗೆ ಮಧುಮೇಹವಿದ್ದೂ, ಮನೆಗೆ ಹೊರಡುವಾಗ ಹೇಳಿದರು. ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ವಿಚಾರಿಸಿದ ಮೊದಲ ಭೇಟಿಯಲ್ಲೇ ಅದನ್ನೂ ಹೇಳಬಹುದಿತ್ತು. ಮರಗಟ್ಟಿದ್ದು ಕೆಲವು ಗಂಟೆಗಳಲ್ಲಿ ಇಳಿದು ಹಳೆಯ ನೋವು ಮರಳಬಹುದು, ಸ್ಟೀರಾಯ್ಡ್ ಗುಣ ಕಾಣಲು ಕೆಲವು ದಿನ ಬೇಕು ಎಂದು ಎಚ್ಚರಿಸಿದ್ದು ಮಾತ್ರ ಉಪಕಾರವಾಯಿತು. ಇಲ್ಲದಿದ್ದರೆ ಆ ರಾತ್ರಿ ನಾವು ಗಾಬರಿಯಾಗುತ್ತಿದ್ದೆವು.

ಹೋಗುವವರು ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಇಂಜೆಕ್ಷನ್ ನಂತರ ಕಾಲು ಸ್ವಲ್ಪ ಹೊತ್ತು ಸೋತಂತಿರಬಹುದಾದ್ದರಿಂದ ಲೋಕಲ್ ರೈಲಿನ ಸೇತುವೆ ಹತ್ತಿಸದೆ ಟ್ಯಾಕ್ಸಿಯಲ್ಲೇ ಮನೆಗೆ ಕರೆತರುವುದು ಒಳ್ಳೆಯದು.