ಪೀಂ ಪೀಂ ಬಿಟ್ಟು ಶ್ಶ್ ಶ್ಶ್: ರಿವರ್ಸ್ ಹಾರ್ನ್ ಬದಲಿಸಿ ಎರಡು ವರ್ಷ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಹಾಲೋ ಬ್ಲಾಕ್ ಯಾರ್ಡ್ ಇದೆ. ಎರಡು ಟಿಪ್ಪರ್, ಒಂದು ಜೆಸಿಬಿ. ನಡುವೆ ಒಂದು ಅಡಿಕೆ ತೋಟ, ಅದರಾಚೆ ಪಕ್ಕದ ಮನೆ. ಬೆಳಿಗ್ಗೆ ಆರೂವರೆಗೆ ಲೋಡಿಂಗ್ ಶುರುವಾದರೆ ಏಳಕ್ಕೆ ಮೊದಲೇ ಆ ಮನೆಯ ಅಕ್ಕನ ಫೋನ್ ಬರುತ್ತಿತ್ತು. "ಮಾರಾಯ, ಮಗು ಈಗಷ್ಟೇ ಮಲಗಿದ್ದು. ನಿನ್ನ ಗಾಡಿಗೆ ಹಿಂದೆ ಬಾರದೆ ಕೆಲಸವೇ ಆಗುವುದಿಲ್ಲವಾ?" ಶಬ್ದದ ಕಾನೂನಿನಲ್ಲಿ ರಾತ್ರಿ ಅಂದರೆ 10ರಿಂದ 6ರವರೆಗೆ. ಮಗುವಿಗೆ ಅದು ಗೊತ್ತಿಲ್ಲವಲ್ಲ!

ಹಾಗಂತ ಗಾಡಿ ಹಿಂದೆ ಬರುವಾಗ ಕೂಗುವ ಹಾರ್ನ್ ತೆಗೆಯುವ ಹಾಗಿಲ್ಲ. ಒಬ್ಬ ಡ್ರೈವರ್ ವಯರ್ ಕಿತ್ತಿಟ್ಟಿದ್ದ, ನಾನೇ ಬೈದು ಹಾಕಿಸಿದ್ದೆ. ಟಿಪ್ಪರಿನ ಹಿಂದೆ ಆಳು ಬಗ್ಗಿ ನಿಂತರೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ.

ಕೊನೆಗೆ ಮೂರಕ್ಕೂ ಬ್ರಾಡ್‌ಬ್ಯಾಂಡ್ ರಿವರ್ಸ್ ಹಾರ್ನ್ ಹಾಕಿಸಿದೆ. ಪೀಂ ಪೀಂ ಅನ್ನುವುದಿಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ 'ಶ್ಶ್... ಶ್ಶ್...'. ಮೊದಲ ದಿನ ಬ್ಲಾಕ್ ಮಿಷನ್ನಿನ ಹುಡುಗ ಓಡಿ ಬಂದು ಏರ್ ಲೀಕ್ ಆಗ್ತಿದೆ ಅಂದ. ಒಂದು ವಾರ ಎಲ್ಲರಿಗೂ ಹೇಳಿಕೊಡಬೇಕಾಯಿತು.

ಹಳೆಯದರ ಮೇಲೆ 107 ಡೆಸಿಬಲ್ ಎಂದಿತ್ತು, ಇದರ ಮೇಲೆ 97. ಆದರೆ ಸುಮ್ನೆ ಸದ್ದು ಕಮ್ಮಿ ಮಾಡಿದ್ದಲ್ಲ ಇದು. ಹಳೆಯ ಹಾರ್ನ್ ಒಂದೇ ಸ್ವರದ್ದು, 1000 ಹರ್ಟ್ಸ್‌ನ ಆಸುಪಾಸು. ಅಂಥ ಒಂಟಿ ಸ್ವರ ಯಾವ ಕಡೆಯಿಂದ ಬಂತು ಎಂದು ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಗೋಡೆಗೆ ಬಡಿದು ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತದೆ. ಹೊಸದರಲ್ಲಿ ತಗ್ಗಿನದು, ಎತ್ತರದ್ದು ಎಲ್ಲ ಸ್ವರಗಳೂ ಒಟ್ಟಿಗೆ ಇರುತ್ತವೆ. ಕಿವಿ ದಿಕ್ಕು ಹಿಡಿಯುತ್ತದೆ. ಎತ್ತರದ ಸ್ವರಗಳು ದೂರ ಹೋದಂತೆ ಬೇಗ ಸಾಯುತ್ತವೆ, ಹಾಗಾಗಿ ತೋಟ ದಾಟುವುದು ಕಡಿಮೆ.

ಮೊದಲೆಲ್ಲ ಎರಡು ಟಿಪ್ಪರ್ ಒಟ್ಟಿಗೆ ಕೂಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ದಿನವಿಡೀ ಕೇಳಿ ಕೇಳಿ ಅಭ್ಯಾಸ. ಮೊನ್ನೆ ಅದೇ ಹುಡುಗ ಬೆನ್ನು ಹಾಕಿ ಪ್ಯಾಲೆಟ್ ಜೋಡಿಸುತ್ತಿದ್ದ. ಎರಡೂ ಗಾಡಿ ಹಿಂದೆ ಬರುತ್ತಿದ್ದವು. ಕೈಯಲ್ಲಿದ್ದ ಪ್ಯಾಲೆಟ್ ಕೆಳಗಿಡದೆ ಸೀದಾ ಎಡಗಡೆಯ ಗಾಡಿಯತ್ತ ತಿರುಗಿ ಎರಡು ಹೆಜ್ಜೆ ಸರಿದ. ಬಲಗಡೆಯದ್ದು ದೂರ ಇತ್ತು, ಅದನ್ನು ನೋಡಲೂ ಇಲ್ಲ. ನಾನು ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು.

ಇನ್ನು ತೊಂದರೆಗಳು. ಆಟಿ ತಿಂಗಳ ಜೋರು ಮಳೆ ತಗಡಿನ ಶೀಟಿಗೆ ಬೀಳುವ ಸದ್ದೂ ಶ್ಶ್ ಎಂದೇ ಅಲ್ವಾ? ಅದರಲ್ಲಿ ಹಾರ್ನ್ ಮುಳುಗಿಹೋಗುತ್ತದೆ. ಜೋರು ಮಳೆಯಲ್ಲಿ ಗಾಡಿ ಹಿಂದೆ ತೆಗೆಯುವಾಗ ಈಗಲೂ ಕ್ಲೀನರ್ ಇಳಿದು ಸೀಟಿ ಊದಬೇಕು. ಜೆಸಿಬಿಗೆ ಹಾಕಿದ್ದು ಸುತ್ತಲಿನ ಸದ್ದು ನೋಡಿ ತಾನೇ ಏರಿಳಿಯುವ ಜಾತಿ. ಅದು ಮಳೆಯಲ್ಲೂ ಪರವಾಗಿಲ್ಲ. ಆದರೆ ಎಲೆಕ್ಟ್ರಿಷಿಯನ್ ಅದನ್ನು ಮೊದಲು ಇಂಜಿನ್ ಹತ್ತಿರ ಕೂರಿಸಿದ್ದ. ಅದು ಇಂಜಿನ್ ಸದ್ದನ್ನೇ ಕೇಳಿಸಿಕೊಂಡು ಯಾವಾಗಲೂ ಜೋರಾಗೇ ಕೂಗುತ್ತಿತ್ತು. ಹಿಂದೆ ಬಂಪರಿಗೆ ಸರಿಸಿದ ಮೇಲೆ ಸರಿಯಾಯಿತು.

ಬಂಪರಿನಲ್ಲಿ ಕೆಂಪು ಮಣ್ಣಿನ ಕಾಟ. ಹಾರ್ನಿನ ತೂತುಗಳಲ್ಲಿ ಕೆಸರು ಒಣಗಿದರೆ ಸದ್ದು ಗಂಟಲು ಕಟ್ಟಿದ ಹಾಗಾಗುತ್ತದೆ. ಶನಿವಾರ ಶನಿವಾರ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕುತ್ತೇವೆ. ಒಂದು ಟಿಪ್ಪರಿನದು ಹದಿನಾಲ್ಕನೇ ತಿಂಗಳಲ್ಲಿ ನೀರು ಹೋಗಿ ಸತ್ತಿತು. ಅಂಗಡಿಯವರು ಮಳೆ ನೀರಿಗೆ ವಾರಂಟಿ ಇಲ್ಲ ಎಂದರು. ಕಾಸರಗೋಡಿನಲ್ಲಿ ಕೂತು! ಕೊಳ್ಳುವಾಗ ಐಪಿ 67 ಅಥವಾ 68 (ಧೂಳು, ನೀರು ಒಳಗೆ ಹೋಗದು ಎಂಬ ಗುರುತು) ಎಂದು ಬರೆದದ್ದನ್ನೇ ಕೇಳಿ. ನಿಮ್ಮ ಗಾಡಿಯದು 12 ವೋಲ್ಟೋ 24 ವೋಲ್ಟೋ ಅದನ್ನೂ ನೋಡಿಕೊಳ್ಳಿ. ಬೆಲೆ ಹಳೆಯದಕ್ಕಿಂತ ಜಾಸ್ತಿಯೇ.

ಸಿಮೆಂಟ್ ತರುವ ಹೊರಗಿನ ಲಾರಿಗಳಲ್ಲಿ ಮಾತ್ರ ಅದೇ ಹಳೆಯ ಪೀಂ ಪೀಂ. ಅಕ್ಕನ ಫೋನ್ ಈಗಲೂ ಬರುತ್ತದೆ. "ಇವತ್ತು ಬಂದದ್ದು ಯಾರ ಗಾಡಿ?" ಎಂದು ಕೇಳುತ್ತಾರೆ.