‘ಫ್ಯಾಕ್ಟರಿ ದಾಖಲೆ’ ಅಂತ ಫೈಲು ತೋರಿಸಿ ಹಳೇ ಎಂಜಿ ಕಾರು ಮಾರುತ್ತಿದ್ದಾನೆ, ಹುಷಾರು

ಕಾರವಾರ, ಅಂಕೋಲಾ, ಶಿರಸಿ ಕಡೆ ಹಳೇ ಕಾರಿನ ಹುಚ್ಚು ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಂಜಿಬಿ ಅನ್ನುವ ಕೆಂಪು ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆ ಅಂತ ಒಬ್ಬ ಬ್ರೋಕರ್ ನಮ್ಮ ಜಿಲ್ಲೆಯಲ್ಲಿ ಓಡಾಡುತ್ತಿದ್ದಾನೆ. ಕಾರು ಮಾಜಾಳಿ ಗಡಿಯ ಆಚೆ, ಗೋವಾದ ಒಂದು ಶೆಡ್ಡಿನಲ್ಲಿದೆ. ಕಾರಿಗಿಂತ ಮೊದಲು ಅವನು ತೋರಿಸುವುದು ಒಂದು ದಪ್ಪ ಫೈಲು. ನಮ್ಮ ಭಾವನ ಎರಡು ಲಕ್ಷ ರೂಪಾಯಿ ಮುಂಗಡ ಆ ಫೈಲು ನೋಡಿಯೇ ಹೋಯಿತು. ‘ರಿಸರ್ಚ್ ಚಾರ್ಜ್’ ಅಂತ ಮೂವತ್ತೈದು ಸಾವಿರ ಬೇರೆ.

ಭಾವ ಶಿರಸಿಯವರು, ಅಡಿಕೆ ತೋಟದವರು. ಚಿಕ್ಕಂದಿನಿಂದ ಅವರಿಗೆ ಟಾಪ್ ತೆಗೆದು ಓಡಿಸುವ ಇಂಗ್ಲಿಷ್ ಕಾರು ಅಂದರೆ ಜೀವ. ಈಗ ರಸ್ತೆಯಲ್ಲಿ ಕಾಣುವ ಹೆಕ್ಟರ್ ಎಂಜಿ ಅಲ್ಲ, ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ. ಬ್ರೋಕರ್‌ಗೆ ಇದು ಹೇಗೋ ಗೊತ್ತಾಗಿದೆ. ಮನೆಗೇ ಬಂದು, ಚಾ ಕುಡಿದು, ಫೈಲು ಬಿಚ್ಚಿದ. ಮುಂಗಡ ಕಳಿಸಿದ ಮೇಲೆ ಭಾವ ನನಗೆ ಫೋನು ಮಾಡಿದರು. “ಮಾರಾಯಾ, ಜಗತ್ತಿನಲ್ಲಿ ಎರಡೂವರೆ ಸಾವಿರ ಇರೋ ಕಾರು. ನೀನೊಂದ್ಸಲ ನೋಡ್ಕಂಡು ಬಾ.”

ಫೈಲಿನ ಮೊದಲ ಪುಟದಲ್ಲೇ ಬರೆದಿತ್ತು: 1963ರ ಮಾಡೆಲ್, ಒಟ್ಟು ತಯಾರಾಗಿದ್ದು ಬರೀ 2,591. ಆಮೇಲೆ ಕಥೆ. ಗೋವಾದಲ್ಲಿದ್ದ ಪೋರ್ಚುಗೀಸ್ ಅಧಿಕಾರಿಯೊಬ್ಬ ಹಡಗಿನಲ್ಲಿ ತರಿಸಿಕೊಂಡ ಕಾರಂತೆ ಇದು, ದೇಶ ಬಿಟ್ಟು ಹೋಗುವಾಗ ಇಲ್ಲಿಯವರಿಗೆ ಕೊಟ್ಟು ಹೋದನಂತೆ.

ಈ ಕಥೆಯನ್ನು ಬೇರೆ ಊರಿನವರಿಗೆ ಹೇಳಿದ್ದರೆ ನಡೆಯುತ್ತಿತ್ತೇನೋ. ಪೋರ್ಚುಗೀಸರ ಕೈಲಿದ್ದ ಅಂಜುದೀವ್ ದ್ವೀಪ ಕಣ್ಣೆದುರಿಗೇ ಇರುವ ಕಾರವಾರದವರಿಗೆ ಹೇಳಬಾರದಿತ್ತು. ನೌಕಾಪಡೆಯವರು ಆ ದ್ವೀಪದಲ್ಲಿ ಇಳಿದದ್ದು 1961ರ ಡಿಸೆಂಬರ್ 18ಕ್ಕೆ. ಮರುದಿನ, 19ಕ್ಕೆ, ಪೋರ್ಚುಗೀಸರು ಗೋವಾದಲ್ಲಿ ಶರಣಾದರು. ಎಂಜಿಬಿ ಕಾರನ್ನು ಜನರಿಗೆ ಮೊದಲು ತೋರಿಸಿದ್ದು 1962ರ ಸೆಪ್ಟೆಂಬರಿನಲ್ಲಿ. ಹಾಗಾದರೆ ಆ ಅಧಿಕಾರಿ ಈ ಕಾರು ತರಿಸಿದ್ದು ಯಾವಾಗ? ಬ್ರೋಕರನ್ನೇ ಕೇಳಿದೆ. ಒಂದು ಗಳಿಗೆಯೂ ತಡವರಿಸಲಿಲ್ಲ. “ಅವರ ಮಗ ಆಮೇಲೆ ತಂದಿದ್ದು ಸರ್” ಅಂದ.

ಕಥೆ ಬಿಡಿ. ಹಳೇ ಕಾರು ಅಂದಮೇಲೆ ಒಬ್ಬ ಮಹಾರಾಜನೋ ಒಬ್ಬ ದೊರೆಯೋ ಇದ್ದೇ ಇರುತ್ತಾನೆ. ದುಡ್ಡು ಕೀಳುವ ಕೆಲಸ ಮಾಡುವುದು ಅಂಕಿ. 2,591 ಅನ್ನುವುದು ಸುಳ್ಳು ಅಂಕಿಯಲ್ಲ, ಅದೇ ಇದರಲ್ಲಿರುವ ಚಾಲಾಕಿತನ. ನೀವು ಮೊಬೈಲಿನಲ್ಲಿ ಹುಡುಕಿದರೂ ಎಂಜಿಬಿ ಹೆಸರಿನ ಪಕ್ಕದಲ್ಲೇ ಅದು ಸಿಗುತ್ತದೆ. ಆದರೆ ಅದು ಎಂಜಿಬಿ ಜಿಟಿ ವಿ8 ಅನ್ನುವ ಬೇರೆಯೇ ಕಾರಿನ ಲೆಕ್ಕ. ಆ ಕಾರು ಬಂದಿದ್ದು 1973ರಲ್ಲಿ, ನಿಂತಿದ್ದು 1976ರಲ್ಲಿ. ಅದಕ್ಕೆ ತೆಗೆಯಲಾಗದ ಗಟ್ಟಿ ಛಾವಣಿ, ರೋವರ್‌ನ ಮೂರೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್. ಶೆಡ್ಡಿನಲ್ಲಿ ನಿಂತಿರುವುದು ಬಟ್ಟೆ ಟಾಪಿನ, 1,798 ಸಿಸಿಯ ನಾಲ್ಕು ಸಿಲಿಂಡರಿನ ಸಾದಾ ರೋಡ್‌ಸ್ಟರ್. ಸಾದಾ ಅಂದರೆ ಕಳಪೆ ಅಂತಲ್ಲ, ಓಡಿಸುವುದಕ್ಕೆ ಬಹಳ ಚಂದದ ಕಾರು. ಆದರೆ ರೋಡ್‌ಸ್ಟರ್ ಮತ್ತು ಗಟ್ಟಿ ಛಾವಣಿಯ ಜಿಟಿ ಎರಡೂ ಸೇರಿ ಹದಿನೆಂಟು ವರ್ಷದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ಹೊರಬಂದಿವೆ. ಜಗತ್ತಿನ ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಬಿಡಿಭಾಗ ಬಹಳ ಸುಲಭವಾಗಿ ಸಿಗುವ ಕಾರುಗಳಲ್ಲಿ ಇದೂ ಒಂದು. ಅದೇ ಇದರ ದೊಡ್ಡ ಗುಣ. ‘ಅಪರೂಪ’ ಅಂತ ಇದಕ್ಕೆ ಮೂರು ಪಟ್ಟು ರೇಟು ಹೇಳುವವರಿಗೆ ಏನನ್ನಬೇಕು?

ಎರಡನೇ ಪುಟದಲ್ಲಿ ಫ್ಯಾಕ್ಟರಿ ಆಪ್ಷನ್‌ಗಳ ಪಟ್ಟಿ. ಹೀಟರ್, ಓವರ್‌ಡ್ರೈವ್ (ವೇಗದಲ್ಲಿ ಓಡುವಾಗ ಎಂಜಿನ್ ನಿಧಾನ ತಿರುಗುವ ಹಾಗೆ ಮಾಡುವ ಹೆಚ್ಚುವರಿ ಗೇರ್), ಕಡ್ಡಿ ಚಕ್ರ, ಮಡಚುವ ಟಾಪ್, ಸೀಟು ಮುಚ್ಚುವ ಟೊನ್ನೊ ಕವರ್, ಲಗೇಜ್ ಕ್ಯಾರಿಯರ್, ಬಿಳಿ ಅಂಚಿನ ಟಯರ್. ಎಲ್ಲದರ ಮುಂದೆಯೂ ಟಿಕ್ ಮಾರ್ಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಈ ಎಲ್ಲ ಆಪ್ಷನ್ ಒಟ್ಟಿಗಿರುವ ಕಾರು ಜಗತ್ತಿನಲ್ಲಿ ಬರೀ ಹನ್ನೆರಡು ಅಂತ.

ಪಟ್ಟಿಯಲ್ಲಿರುವುದೆಲ್ಲ ಆ ಕಾಲದಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿತ್ತು, ನಿಜ. ಹೀಟರಿಗೂ ಆಗ ಬೇರೆ ದುಡ್ಡೇ. (ಕಾರವಾರದ ಮೇ ತಿಂಗಳ ಸೆಕೆಯಲ್ಲಿ ‘ಫ್ಯಾಕ್ಟರಿ ಹೀಟರ್ ಇದೆ ಸರ್’ ಅಂತ ಹೇಳಿಸಿಕೊಂಡೆ, ಅದೂ ಒಂದು ಅನುಭವ.) ಆದರೆ ಅದು ಶೋರೂಮಿನ ಬ್ರೋಷರಿನ ಪುಟ. ಗಿರಾಕಿ ಏನೇನು ಕೇಳಬಹುದಿತ್ತು ಅಂತ ಅದರಲ್ಲಿದೆ. ಈ ಕಾರಿನ ಗಿರಾಕಿ ಏನು ಕೇಳಿದ್ದ ಅಂತ ಅದರಲ್ಲಿ ಎಲ್ಲೂ ಇಲ್ಲ. ಟಿಕ್ ಹಾಕಿದ್ದು ಬಾಲ್‌ಪೆನ್ನು.

‘ಜಗತ್ತಿನಲ್ಲಿ ಹನ್ನೆರಡು’ ಅನ್ನುವ ಮಾತು ಬಂದಿರುವುದು ಅಮೆರಿಕದ ಕಾರುಗಳ ಸಂತೆಯಿಂದ. 1967ರಿಂದ ಈಚಿನ ಫೋರ್ಡ್ ಕಾರುಗಳ ತಯಾರಿಕೆಯ ಡೇಟಾ ಪೂರ್ತಿ ಉಳಿದಿದೆ. ಅದಕ್ಕೇ ಫೋರ್ಡಿನ ಮಸ್ಟಾಂಗ್ ಕಾರು ಇರುವವರಿಗೆ ‘ಮಾರ್ಟಿ ರಿಪೋರ್ಟ್’ ಅಂತ ಸಿಗುತ್ತದೆ. ಇಂಥ ಬಣ್ಣ, ಇಂಥ ಗೇರ್‌ಬಾಕ್ಸ್ ಇರುವ ಕಾರು ಎಷ್ಟು ತಯಾರಾಯಿತು ಅಂತ ಎಣಿಸಿ ಹೇಳುತ್ತಾರೆ. ಎಂಜಿಗೆ ನಡೆಯುವುದು ಬೇರೆ ರೀತಿ. ಇಂಗ್ಲೆಂಡಿನ ಗೇಡನ್‌ನಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ಕಾರ್ಖಾನೆಯ ಹಳೇ ದಾಖಲೆ ಅಲ್ಲಿದೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕಳಿಸುತ್ತಾರೆ. ಆ ನಂಬರಿನ ಕಾರು ಯಾವ ದಿನ ತಯಾರಾಯಿತು, ಎಂಜಿನ್ ನಂಬರ್ ಏನಿತ್ತು, ಬಣ್ಣ ಯಾವುದು, ಯಾವ ಆಪ್ಷನ್ ಹಾಕಿದ್ದರು, ಯಾವ ದೇಶಕ್ಕೆ ಹೋಯಿತು, ಇಷ್ಟು ಅದರಲ್ಲಿರುತ್ತದೆ. ಜಗತ್ತಿನಲ್ಲಿ ಎಷ್ಟಿವೆ ಅನ್ನುವ ಲೆಕ್ಕ ಇರುವುದಿಲ್ಲ. ನಿಮ್ಮ ಮುಂದೆ ನಿಂತಿರುವುದು ಅದೇ ಕಾರು ಅನ್ನುವ ಗ್ಯಾರಂಟಿಯೂ ಇರುವುದಿಲ್ಲ. ಫೈಲಿನ ಕೊನೆಯಲ್ಲಿದ್ದ ‘ಸರ್ಟಿಫಿಕೇಟ್’ ನೋಡುವುದಕ್ಕೆ ಅದರ ಹಾಗೇ ಇತ್ತು. ಆದರೆ ‘ಬಹಳ ಅಪರೂಪದ ಕಾರು’ ಅಂತ ಹೊಗಳಿಕೆ ಬೇರೆ ಸೇರಿಸಿದ್ದರು. ದಾಖಲೆ ಇಟ್ಟುಕೊಂಡವರು ಯಾವತ್ತಾದರೂ ಹೊಗಳುತ್ತಾರಾ?

ಇನ್ನು ಕಾರಿನ ಹತ್ತಿರ ಹೋಗೋಣ.

ಬಾನೆಟ್ ಎತ್ತಿಸಿದೆ. ಎಂಜಿನ್ ಬ್ಲಾಕಿಗೆ ಒಂದು ಸಣ್ಣ ಲೋಹದ ಪಟ್ಟಿ, ಅದರ ಮೇಲೆ ಜಿಡ್ಡು. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿದರೆ ಅಕ್ಷರ ಕಂಡಿತು: 18ಜಿಬಿ-ಯು-ಎಚ್, ಆಮೇಲೆ ನಂಬರ್. ಇಷ್ಟು ಅಕ್ಷರದಲ್ಲೇ ಬೇಕಾದಷ್ಟು ಸುದ್ದಿ ಇದೆ. ಮೊದಲ ಎಂಜಿಬಿಗಳ ಎಂಜಿನ್ 18ಜಿ, ಆಮೇಲಿನದು 18ಜಿಎ. ಇವೆರಡಕ್ಕೂ ಕ್ರ್ಯಾಂಕ್‌ಶಾಫ್ಟಿಗೆ ಮೂರು ಬೇರಿಂಗ್. ಐದು ಬೇರಿಂಗಿನ 18ಜಿಬಿ ಬಂದಿದ್ದು 1964ರ ಅಕ್ಟೋಬರಿನಲ್ಲಿ. 1963ರ ಕಾರಿನಲ್ಲಿ ಅದು ಫ್ಯಾಕ್ಟರಿಯಿಂದ ಬರುವುದಕ್ಕೆ ಸಾಧ್ಯವೇ ಇಲ್ಲ. ಎರಡನೆಯದು, ಓವರ್‌ಡ್ರೈವ್ ಜೊತೆ ಹೊರಟ ಎಂಜಿನ್ನಿಗೆ ‘ಯು’ ಜಾಗದಲ್ಲಿ ‘ಆರ್‌ಯು’ ಅಂತ ಇರುತ್ತದೆ. ಇಲ್ಲಿ ‘ಆರ್’ ಇಲ್ಲ.

ಇದನ್ನು ಹೇಳಿದೆ. “ಎಂಜಿನ್ ಬದಲಾಗಿರಬಹುದು ಸರ್, ಓವರ್‌ಡ್ರೈವ್ ಮಾತ್ರ ಒರಿಜಿನಲ್. ಸ್ವಿಚ್ ನೋಡಿ, ಇಲ್ಲೇ ಇದೆ” ಅಂದ. ಎಂಜಿನ್ ಬದಲಾಗುವುದು ಉಂಟು, ಆ ಮಾತು ಒಪ್ಪುವಂಥದ್ದೇ. ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಕೂಡ ಇತ್ತು. ಒತ್ತಿದರೆ ಟಕ್ ಅನ್ನುತ್ತಿತ್ತು. ಕೈ ಹಿಂದಕ್ಕೆ ಹಾಕಿ ತಡಕಿದೆ. ಸ್ವಿಚ್ಚಿಗೆ ಎರಡು ಟರ್ಮಿನಲ್, ಎರಡಕ್ಕೂ ವಯರ್ ಇಲ್ಲ. ಕಾರಿನ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಓವರ್‌ಡ್ರೈವ್ ಇದ್ದರೆ ಗೇರ್‌ಬಾಕ್ಸಿನ ಹಿಂಬದಿಗೆ ಜೋಡಿಸಿದ ಇನ್ನೊಂದು ದಪ್ಪ ಘಟಕ, ಅದಕ್ಕೊಂದು ಸೊಲೆನಾಯ್ಡ್ (ಕರೆಂಟಿನಿಂದ ಅದನ್ನು ಚಾಲೂ ಮಾಡುವ ಭಾಗ) ಕಾಣಬೇಕು. ಅಲ್ಲಿದ್ದದ್ದು ಸಾದಾ ಗೇರ್‌ಬಾಕ್ಸ್.

ಕಡ್ಡಿ ಚಕ್ರಗಳದ್ದೂ ಅದೇ ಕಥೆ. ಕಾರ್ಖಾನೆಯಲ್ಲೇ ಕಡ್ಡಿ ಚಕ್ರ ಹಾಕಿದ್ದರೆ ಚಕ್ರ ಕೂರುವ ಹಬ್‌ಗೇ ಉದ್ದುದ್ದ ಹಲ್ಲು ಕೊರೆದಿರುತ್ತಾರೆ. ಹಿಂದಿನ ಆಕ್ಸಲ್ ಕೂಡ ಬೇರೆಯದೇ ಇರುತ್ತದೆ. ಇಲ್ಲಿ ಚಕ್ರ ಬಿಚ್ಚಿದರೆ ನಾಲ್ಕು ಬೋಲ್ಟಿನ ಮಾಮೂಲಿ ಹಬ್. ಅದರ ಮೇಲೆ ಒಂದು ಅಡಾಪ್ಟರ್ ಕೂರಿಸಿ ಚಕ್ರ ಸಿಕ್ಕಿಸಿದ್ದರು. ಬಾಗಿಲಿನ ಹಿಡಿಕೆ ಒತ್ತುವ ಬಟನ್ನಿನದು. 1965ರ ಮೊದಲಿನ ಎಂಜಿಬಿಗೆ ಎಳೆಯುವ ಹಿಡಿಕೆ ಇತ್ತು. ಅಂದರೆ ಎಂಜಿನ್ನೂ ಬಾಗಿಲೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳುತ್ತಿವೆ, ಇದು 1965ರದ್ದೋ ಆಮೇಲಿನದೋ ಕಾರು. ಫೈಲು ಮಾತ್ರ 1963 ಅನ್ನುತ್ತದೆ.

ಹಾಗಾದರೆ 1963 ಎಲ್ಲಿಂದ ಬಂತು? ಚಾಸಿ ನಂಬರಿನ ಲೋಹದ ಪಟ್ಟಿಯಿಂದ. ಅರವತ್ತು ವರ್ಷದ ಕಾರು, ಬಾನೆಟ್ ಒಳಗೆಲ್ಲ ತುಕ್ಕು, ಆ ಪಟ್ಟಿ ಮಾತ್ರ ಫಳಫಳ. ರಿವೆಟ್ಟೂ ಹೊಸದು. ಇಂಥ ಪಟ್ಟಿ ಹೊರದೇಶದಲ್ಲಿ ಹೊಸದಾಗಿಯೇ ಮಾರುತ್ತಾರೆ, ಬೇಕಾದ ನಂಬರ್ ಒತ್ತಿಸಿಕೊಳ್ಳಬಹುದು. ಜಿಎಚ್‌ಎನ್3 ಅಂತ ಶುರುವಾಗುವ ನಂಬರ್. ಮೊದಲ ಜಿ ಅಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಅಂದರೆ ಎರಡು ಸೀಟು. ಗಟ್ಟಿ ಛಾವಣಿಯ ಜಿಟಿಗೆ ಎನ್ ಬದಲು ಡಿ ಬರುತ್ತದೆ. ಸ್ಟೀರಿಂಗ್ ಎಡಗಡೆ ಇರುವ ಕಾರಾದರೆ 3ರ ನಂತರ ಎಲ್ ಅಕ್ಷರ ಇರುತ್ತದೆ.

ನಂಬರಿನ ಫೋಟೋ ತೆಗೆದುಕೊಂಡು ಮನೆಗೆ ಬಂದು ಗೇಡನ್‌ಗೆ ಶುಲ್ಕ ಕಟ್ಟಿದೆ. ಉತ್ತರ ಬಂತು. ಆ ನಂಬರಿನ ಕಾರು 1963ರಲ್ಲಿ ತಯಾರಾದದ್ದು ನಿಜ. ಬಣ್ಣ ಬಿಳಿ. ಓವರ್‌ಡ್ರೈವ್ ಇಲ್ಲ. ಎಡಗಡೆ ಸ್ಟೀರಿಂಗ್. ಹೋಗಿದ್ದು ಅಮೆರಿಕಕ್ಕೆ. ಶೆಡ್ಡಿನಲ್ಲಿರುವ ಕಾರಿನ ಸ್ಟೀರಿಂಗ್ ಬಲಗಡೆಗಿದೆ. ಎಲ್ಲೋ ಅಮೆರಿಕದ ಗುಜರಿಯಲ್ಲಿ ಸತ್ತ ಕಾರಿನ ನಂಬರನ್ನು, ‘ಎಲ್’ ಬಿಟ್ಟು, ಇದಕ್ಕೆ ಹೊಡೆದಿದ್ದಾರೆ.

ಭಾವನಿಗೆ ಹೇಳಿದಾಗ ಅವರು ಸಿಟ್ಟೇನೂ ಮಾಡಲಿಲ್ಲ. “ಅಡ್ಡಿಲ್ಲೆ, ಕಾರು ಇದ್ದಲ್ಲ, ಓಡ್ತಲ್ಲ” ಅಂದರು. ಓಡುತ್ತದೆ ಭಾವ, ರಿಜಿಸ್ಟರ್ ಹೇಗೆ ಮಾಡಿಸ್ತೀರಿ? ಇಲ್ಲಿಗೆ ಬಂದರೆ ವಿಷಯ ಬರೀ ರೇಟಿನದ್ದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಮೊದಲೇ ಇಲ್ಲಿ ನೋಂದಣಿ ಆಗಿದ್ದರೆ ಹಳೇ ಆರ್‌ಸಿ ಬೇಕು, ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಬೇಕು. ಬ್ರೋಕರ್ ‘ವಿಎ ನಂಬರ್ ಮಾಡಿಸಿ ಕೊಡೋದು ನನ್ನ ಜವಾಬ್ದಾರಿ’ ಅಂದಿದ್ದ. ಆರ್‌ಸಿ ಕೇಳಿದರೆ ಮಸುಕಾದ ಜೆರಾಕ್ಸ್ ಕೊಟ್ಟ. ಅದರಲ್ಲಿದ್ದ ಚಾಸಿ ನಂಬರ್ ಫೈಲಿನದಕ್ಕೂ ತಾಳೆಯಾಗಲಿಲ್ಲ, ಪಟ್ಟಿಯದಕ್ಕೂ ಆಗಲಿಲ್ಲ. ಇಂಥ ಕಾರು ಕೊಂಡು ನಾಳೆ ಆರ್‌ಟಿಓ ಮುಂದೆ ನಿಲ್ಲುವವರು ನಾವು, ಬ್ರೋಕರ್ ಅಲ್ಲ. ಕದ್ದ ಕಾರೇ ಅಂತ ನಾನು ಹೇಳುತ್ತಿಲ್ಲ. ಒಂದು ಕಾರಿಗೆ ಮೂರು ನಂಬರ್ ಇದ್ದರೆ ಪೊಲೀಸರು ಮೊದಲು ಕೇಳುವುದು ಅದನ್ನೇ.

ಇನ್ನೂ ಒಂದು. ಎಂಜಿಬಿಗೆ ಬೇರೆ ಚಾಸಿ ಫ್ರೇಮ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಸಿಲ್ ಕೊಳೆತರೆ ಕಾರು ನಡುವಿನಲ್ಲಿ ಬಾಗುತ್ತದೆ. ಸಮುದ್ರದ ಉಪ್ಪು ಗಾಳಿಗೆ ನಿಂತ ಕಾರಿನಲ್ಲಿ ಮೊದಲು ಹೋಗುವುದೇ ಅದು. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಒಂದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಸಿಲ್ಲಿನ ಉದ್ದಕ್ಕೂ ಎಲ್ಲೂ ಅಂಟಲಿಲ್ಲ. ಪೂರ್ತಿ ಪುಟ್ಟಿ, ಮೇಲೆ ಕೆಂಪು ಪೇಂಟು.

ಮುಂಗಡ ಯುಪಿಐನಲ್ಲಿ ಹೋಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ದೂರು ಬರೆಸಿದ್ದೇವೆ, ಠಾಣೆಗೂ ಅರ್ಜಿ ಕೊಟ್ಟಿದ್ದೇವೆ. ದುಡ್ಡು ಹೋದ ಕೂಡಲೇ ಫೋನು ಮಾಡಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ, ದಿನ ಕಳೆದಷ್ಟೂ ಕಷ್ಟ. ಬ್ರೋಕರ್ ಮೊದಲು “ಬೇರೆ ಗಿರಾಕಿ ಸಿಕ್ಕಿದ ಮೇಲೆ ಕೊಡ್ತೇನೆ” ಅಂದ. ಆಮೇಲೆ ಐವತ್ತು ಸಾವಿರ ವಾಪಸ್ ಹಾಕಿದ. ಈಗ ಫೋನೇ ಎತ್ತುವುದಿಲ್ಲ. ‘ರಿಸರ್ಚ್ ಚಾರ್ಜ್’ ವಾಪಸ್ ಬರುವುದಿಲ್ಲವಂತೆ, ಅದು ‘ಲಂಡನ್ನಿಗೆ’ ಹೋಗಿದೆಯಂತೆ.

ಮೊನ್ನೆ ಕುಮಟಾದ ಸ್ನೇಹಿತರೊಬ್ಬರಿಗೆ ಇದೇ ಕಾರಿನ ಫೋಟೋ ಬಂದಿದೆ. ಫೈಲು ಸ್ವಲ್ಪ ಬದಲಾಗಿದೆ. ಮಾಡೆಲ್ 1965 ಆಗಿದೆ, ಪೋರ್ಚುಗೀಸ್ ಅಧಿಕಾರಿಯ ಜಾಗದಲ್ಲಿ ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ದೊರೆ ಬಂದಿದ್ದಾನೆ. 2,591 ಹಾಗೇ ಇದೆ. ಅವರು ಎಂಜಿನ್ ಪಟ್ಟಿ, ಚಾಸಿ ಪಟ್ಟಿ, ಮೂಲ ಆರ್‌ಸಿ ಮೂರರದ್ದೂ ಇವತ್ತಿನ ಫೋಟೋ ಕಳಿಸಿ ಅಂತ ಕೇಳಿದ್ದಾರೆ. ಇನ್ನೂ ಬಂದಿಲ್ಲ. ನಿಮಗೆ ಯಾರಿಗಾದರೂ ಈ ಫೈಲು ಬಂದಿದ್ದರೆ ನನಗೆ ಒಂದು ಮೆಸೇಜ್ ಹಾಕಿ. ಠಾಣೆಯಲ್ಲಿ ದೂರು ಎಷ್ಟು ಜನರದ್ದು ಸೇರುತ್ತದೋ ಅಷ್ಟು ಒಳ್ಳೆಯದು ಅಂದಿದ್ದಾರೆ.