ಎರಡು ಕ್ರೆಡಿಟ್ ಕಾರ್ಡ್, ಆರು ವರ್ಷ: ಮುಂಬೈ ಬಳಿಯ ಡೊಂಬಿವಲಿಯ ಬಳಕೆದಾರನ ಅನುಭವ

ಈಗ ಬಳಸುತ್ತಿರುವ ಕಾರ್ಡ್‌ಗೆ ಮೂರು ವರ್ಷ ತುಂಬಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇದಕ್ಕೂ ಮೊದಲು ಇನ್ನೊಂದು ಬ್ಯಾಂಕಿನ ಕಾರ್ಡ್ ಇತ್ತು. ಅದಕ್ಕೆ ಒಂದು ಅಂಕ ಕೊಟ್ಟರೂ ಹೆಚ್ಚೇ. ಎರಡರ ಬಡ್ಡಿ ದರವೂ ಹೆಚ್ಚುಕಡಿಮೆ ಒಂದೇ. ಮೊದಲಿನದನ್ನು ನಿಯಮ ಓದದೆ ಪಡೆದೆ, ಎರಡನೆಯದನ್ನು ಓದಿ ಪಡೆದೆ.

ಮೊದಲನೆಯದು ರೈಲು ನಿಲ್ದಾಣದ ಹೊರಗೆ ಮೇಜು ಹಾಕಿದ್ದವರಿಂದ ಬಂದದ್ದು. 'ಜೀವನಪೂರ್ತಿ ಉಚಿತ' ಎಂದರು, ಸಹಿ ಹಾಕಿದೆ. ಎರಡನೆಯ ವರ್ಷ ವಾರ್ಷಿಕ ಶುಲ್ಕ ಬಿತ್ತು. ಉಚಿತವಿದ್ದದ್ದು ಮೊದಲ ವರ್ಷ ಮಾತ್ರ ಎಂದು ಅರ್ಜಿಯ ಹಿಂಬದಿಯಲ್ಲೇ ಇತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಡ್ಡಿಯದು. ಜೂನ್ 5ರಂದು 24,000 ರೂಪಾಯಿಯ ಫ್ರಿಜ್ ಕೊಂಡೆ. ಜುಲೈ 15ರ ಗಡುವಿಗೆ 20,000 ಕಟ್ಟಿದೆ. ಉಳಿದ 4,000ಕ್ಕೆ ಹತ್ತು ದಿನದ ಬಡ್ಡಿ, ನಲವತ್ತಾರು ರೂಪಾಯಿ ಆದೀತೆಂದು ಲೆಕ್ಕ ಹಾಕಿದ್ದೆ. ಜುಲೈ 25ರ ಬಿಲ್ಲಿನಲ್ಲಿ ಸುಮಾರು 1,150 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ! ಪೂರ್ತಿ ಬಾಕಿ ತೀರಿಸದಿದ್ದರೆ ಖರೀದಿಯ ದಿನದಿಂದಲೇ ಇಡೀ ಮೊತ್ತಕ್ಕೆ ಬಡ್ಡಿ ಎಂಬುದು ನಿಯಮ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗಲಿಲ್ಲ.

ಸಿಟ್ಟಿನಲ್ಲಿ ಒಂದೇ ತಿಂಗಳು ಬೇರೆ ಎರಡು ಬ್ಯಾಂಕುಗಳಿಗೆ ಅರ್ಜಿ ಹಾಕಿದೆ. ಎರಡೂ ತಿರಸ್ಕೃತವಾದವು. ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ (ನಮ್ಮ ಸಾಲದ ಇತಿಹಾಸದ ದಾಖಲೆ) ವಿಚಾರಣೆಯಾಗಿ ದಾಖಲಾಗುತ್ತದೆ, ಸಾಲುಸಾಲಾಗಿ ಬಂದರೆ ಬ್ಯಾಂಕುಗಳಿಗೆ ಅನುಮಾನ ಹುಟ್ಟುತ್ತದೆ ಎಂದು ಆಗ ತಿಳಿಯಿತು. ಮಾಟುಂಗಾದಲ್ಲಿ ಹೋಟೆಲ್ ನಡೆಸಿದ ನನ್ನ ಸೋದರಮಾವ ಕೇಳಿದರು: "ತರಕಾರಿಯವನ ಬಿಲ್ಲನ್ನು ಎರಡು ಸಲ ನೋಡುತ್ತೀಯಲ್ಲ, ಸಾಲ ಕೊಡುವವನ ಕಾಗದ ಓದಲಿಕ್ಕೆ ಏನು ಧಾಡಿ?" ನನ್ನ ಬಳಿ ಉತ್ತರವಿರಲಿಲ್ಲ.

ಎಂಟು ತಿಂಗಳು ಕಾದೆ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಪೂರ್ಣ ಸಾಲ ವರದಿಯನ್ನು ತರಿಸಿ ನೋಡಿದೆ. ಸಂಬಳದ ಖಾತೆ ಇರುವ ಬ್ಯಾಂಕಿಗೆ ಹೋಗಿ, ಅರ್ಜಿಗೂ ಮೊದಲು ಮುಖ್ಯ ಸಂಗತಿಗಳ ಒಂದು ಪುಟದ ಹೇಳಿಕೆಯನ್ನು ಕೇಳಿದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಅದನ್ನು ಅರ್ಜಿಯ ಜೊತೆಗೆ ಕೊಡಲೇಬೇಕು. ಪೂರ್ಣ ಷರತ್ತುಗಳನ್ನು ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಎರಡು ದಿನ ಓದಿದೆ: ಶುಲ್ಕ ಮನ್ನಾ ಆಗಲು ಎಷ್ಟು ಖರ್ಚಾಗಬೇಕು, ನಗದು ತೆಗೆದರೆ ಬಡ್ಡಿ ಎಂದಿನಿಂದ (ತೆಗೆದ ದಿನದಿಂದಲೇ), ಯಾವ ಖರ್ಚಿಗೆ ರಿವಾರ್ಡ್ ಪಾಯಿಂಟ್ ಇಲ್ಲ. ಆರು ತಿಂಗಳ ಸಂಬಳ ಜಮೆ ಆಗಿರಬೇಕು ಎಂದು ಶಾಖೆಯವರು ಹೇಳಿದರು. ನನ್ನದು ನಾಲ್ಕೇ ತಿಂಗಳಾಗಿತ್ತು. ಇನ್ನೆರಡು ತಿಂಗಳು ಬಿಟ್ಟು ಅರ್ಜಿ ಕೊಟ್ಟೆ, ಒಪ್ಪಿಗೆಯಾಯಿತು.

ಮೂರು ವರ್ಷದಲ್ಲಿ ಒಂದು ರೂಪಾಯಿ ಬಡ್ಡಿ ಕಟ್ಟಿಲ್ಲ. ಪೂರ್ತಿ ಬಾಕಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಊರಿಗೆ ಹೋಗುವ ಕೊಂಕಣ ರೈಲಿನ ಟಿಕೆಟು, ವಿದ್ಯುತ್ ಬಿಲ್ಲು ಎಲ್ಲ ಇದರಲ್ಲೇ. ಒಂದು ಅಂಕ ಕಡಿಮೆ ಕೊಟ್ಟದ್ದಕ್ಕೆ ಕಾರಣ, ಮನೆ ಬಾಡಿಗೆ ಪಾವತಿಗೆ ನಡುವೆ ಶೇ 1 ಶುಲ್ಕ ಸೇರಿಸಿದ್ದು. ಒಂದು ತಿಂಗಳು ಮೊದಲೇ ತಿಳಿಸಿದ್ದರು, ಅದು ನಿಯಮವೇ. ಆದರೂ ನನಗೆ ಇಷ್ಟವಾಗಲಿಲ್ಲ, ಬಾಡಿಗೆಯನ್ನು ಮತ್ತೆ ಖಾತೆಯಿಂದಲೇ ಕಳುಹಿಸುತ್ತಿದ್ದೇನೆ.

ಹಳೆಯ ಕಾರ್ಡ್ ಮುಚ್ಚುವವರಿಗೆ ಒಂದು ಮಾತು: ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಮುಚ್ಚಲೇಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ನನ್ನದರಲ್ಲಿ ಹನ್ನೊಂದು ರೂಪಾಯಿ ಬಾಕಿ ಇತ್ತು; ಅದನ್ನು ತೀರಿಸಿದ ಐದನೆಯ ದಿನ ಮುಚ್ಚಿದರು.